ಪೌರನೀತಿ ಪಾಠದಲ್ಲಿ ಮಕ್ಕಳು ಬಾಯಿಬಿಟ್ಟಿದ್ದು ಯಾವಾಗ?

ಹೈಸ್ಕೂಲಿನ ಪೌರನೀತಿ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಿರೋದು ರಾಷ್ಟ್ರಪತಿ ಆಗೋಕೆ 35 ವರ್ಷ ತುಂಬಿರ್ಬೇಕು, ರಾಜ್ಯಸಭೆ ಸದಸ್ಯರ ಅವಧಿ 6 ವರ್ಷ, ಇಷ್ಟೇ. ಇದಕ್ಕೆ ಮೇಷ್ಟ್ರನ್ನ ಬೈದು ಪ್ರಯೋಜನ ಇಲ್ಲ, ಸಬ್ಜೆಕ್ಟ್ ಹುಟ್ಟಿದ್ದೇ ಹಾಗೆ. ಜನಕ್ಕೆ ಸರ್ಕಾರದ ಮೇಲೆ ನಿಷ್ಠೆ ಕಮ್ಮಿ ಆಗ್ತಿದೆ ಅನ್ನೋ ದಿಗಿಲಲ್ಲಿ ಬ್ರಿಟಿಷರ ಕಾಲದಲ್ಲಿ ಇದು ಶಾಲೆಗೆ ಬಂತು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆಗಿನ ಸಮಾಜ ವಿಜ್ಞಾನದ ವರದಿನೇ ಹೇಳುತ್ತೆ. ಹೇಳಿದ್ದು ಕೇಳೋ ಪ್ರಜೆ ಬೇಕಿತ್ತು, ಪ್ರಶ್ನೆ ಕೇಳೋರಲ್ಲ.

ಸ್ವಾತಂತ್ರ್ಯ ಬಂದ್ಮೇಲೆ ಮಕ್ಕಳನ್ನ ಮಾತಾಡಿಸೋ ಪ್ರಯತ್ನ ಆಗ್ಲಿಲ್ಲ ಅಂತಲ್ಲ. 1966-67ರಲ್ಲಿ ದೆಹಲಿ ಶಾಲೆಗಳಲ್ಲಿ ಯುವ ಸಂಸತ್ ಸ್ಪರ್ಧೆ ಶುರುವಾಯ್ತು, ಆಮೇಲೆ ಕೇಂದ್ರೀಯ ವಿದ್ಯಾಲಯ, ನವೋದಯಕ್ಕೂ ಬಂತು. ಪ್ರಶ್ನೋತ್ತರ ವೇಳೆ, ವಿರೋಧ ಪಕ್ಷ, ಸ್ಪೀಕರು, ಎಲ್ಲಾ ಇರುತ್ತೆ, ಆದ್ರೆ ಡೈಲಾಗ್ ಬರೆದುಕೊಡೋದು ಹೆಚ್ಚಾಗಿ ಟೀಚರೇ, ಗದ್ದಲ ಮಾಡೋದಕ್ಕೂ ರಿಹರ್ಸಲ್!

ನಿಜವಾದ ಚರ್ಚೆ ಕರ್ನಾಟಕದಲ್ಲಿ ಶುರುವಾಗಿದ್ದು ಶಾಲೆ ಒಳಗಲ್ಲ ಅನ್ನೋದು ನಂಗೆ ಇವತ್ತಿಗೂ ಆಶ್ಚರ್ಯ. ಕೂಲಿ ಮಾಡೋ ಮಕ್ಕಳು 1990ರಲ್ಲಿ ಭೀಮ ಸಂಘ ಅಂತ ತಮ್ಮದೇ ಸಂಘಟನೆ ಕಟ್ಟಿಕೊಂಡ್ರು, ಅವರ ಜೊತೆ ನಿಂತಿದ್ದು ದುಡಿಯೋ ಮಕ್ಕಳ ಪರ ಕೆಲಸ ಮಾಡೋ ಸಿಡಬ್ಲ್ಯುಸಿ (ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಸಂಸ್ಥೆ. 1993ರಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂದಿತ್ತು, ಊರೋರ ಕೈಗೆ ಅಧಿಕಾರ ಅಂತ, ಸರಿ ಹಾಗಾದ್ರೆ ನಾವೂ ಊರೋರೇ ಅಲ್ವಾ ಅನ್ನೋ ಹಾಗೆ 1995ರ ಸುಮಾರಿಗೆ ಕುಂದಾಪುರ ಕಡೆ ಮಕ್ಕಳ ಪಂಚಾಯತ್ ಹುಟ್ಟಿತು. ಶಾಲೆಗೆ ಹೋಗೋರು, ಬಿಟ್ಟೋರು, ಇಬ್ಬರೂ ಅದರಲ್ಲಿದ್ರು. ತಾವೇ ಮನೆಮನೆ ಸುತ್ತಿ ಮಾಹಿತಿ ತಂದು ದೊಡ್ಡೋರ ಮುಂದೆ ಇಟ್ರು. ವಿಷಯಗಳೂ ಪುಸ್ತಕದ್ದಲ್ಲ, ಮಳೆಗಾಲದಲ್ಲಿ ತೋಡು, ಅಂದ್ರೆ ಸಣ್ಣ ಹಳ್ಳ, ದಾಟೋ ಕಾಲುಸಂಕ (ಕಿರಿದಾದ ಕಾಲುಸೇತುವೆ), ನೀರು, ಸೌದೆ. ಕಾಲುಸಂಕ ಸಣ್ಣ ಮಕ್ಕಳಿಗೆ ಎಷ್ಟು ಕಷ್ಟ ಅಂತ ದಿನಾ ದಾಟೋರಿಗಿಂತ ಚೆನ್ನಾಗಿ ಯಾವ ಇಂಜಿನಿಯರ್‌ಗೆ ಗೊತ್ತಿರುತ್ತೆ ಹೇಳಿ.

ಆ ಅನುಭವದ ಮೇಲೇ 2006ರ ಹೊತ್ತಿಗೆ ರಾಜ್ಯದ ಎಲ್ಲಾ ಗ್ರಾಮ ಪಂಚಾಯಿತಿಗಳಿಗೂ ಮಕ್ಕಳ ಗ್ರಾಮಸಭೆ ಬಂತು. ಹೈಸ್ಕೂಲ್ ಹುಡುಗ ಹುಡುಗಿಯರು ಮೈಕ್ ಹಿಡಿದು ಶೌಚಾಲಯಕ್ಕೆ ನೀರಿಲ್ಲ, ಬಸ್ಸು ಟೈಮಿಗೆ ಬರಲ್ಲ, ಸ್ಕೂಲ್ ಪಕ್ಕ ಸಾರಾಯಿ ಮಾರ್ತಾರೆ ಅಂತಾರೆ, ಎದುರಿಗೆ ಪಂಚಾಯಿತಿ ಅಧ್ಯಕ್ಷರು, ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೂತಿರ್ತಾರೆ. ಯುವ ಸಂಸತ್‌ಗೂ ಇದಕ್ಕೂ ಇರೋ ವ್ಯತ್ಯಾಸ ಇದೇ ನೋಡಿ, ಅಲ್ಲಿ ಉತ್ತರ ಕೊಡೋ ಮಂತ್ರಿನೂ ಒಂಬತ್ತನೇ ಕ್ಲಾಸು, ಇಲ್ಲಿ ಉತ್ತರ ಕೊಡಬೇಕಾದೋರ ಹತ್ರ ದುಡ್ಡು, ಸಹಿ ಎರಡೂ ಇದೆ.

ಎಷ್ಟೋ ಕಡೆ ಇದೂ ಮಕ್ಕಳ ದಿನಾಚರಣೆ ಥರ ಆಗೋಗಿದೆ, ಪ್ರಾರ್ಥನೆ, ಭಾಷಣ, ಬಿಸ್ಕೆಟ್, ಫೋಟೋ, ಮುಗೀತು. ಯಾವುದು ನಿಜವಾದ ಸಭೆ, ಯಾವುದು ಶಾಸ್ತ್ರ ಅಂತ ತಿಳ್ಕೊಬೇಕಂದ್ರೆ ಹೋದ ವರ್ಷ ಮಕ್ಕಳು ಏನು ಕೇಳಿದ್ರು, ಏನು ತೀರ್ಮಾನ ಆಯ್ತು ಅಂತ ಬರೆದಿಟ್ಟ ನಡಾವಳಿ ಪುಸ್ತಕ ತೆಗೆದು ಓದ್ತಾರಾ ಇಲ್ವಾ ನೋಡಿ ಸಾಕು.