ಫಿನ್‌ಲೆಂಡ್–ಎಸ್ಟೋನಿಯಾ: 80 ಕಿಲೋಮೀಟರ್ ನೀರಿನ ಆಚೆ ಈಚೆ

ಎರಡು ದೇಶಗಳ ಸಂಬಂಧ ಅಂದ ಕೂಡಲೇ ನಾವು ಒಪ್ಪಂದದ ಇಸವಿ, ರಾಯಭಾರ ಕಚೇರಿ, ಆಮದು ರಫ್ತು ಅಂತ ಪಟ್ಟಿ ಬರೆಯಲು ಕೂರುತ್ತೇವೆ, ಅಲ್ವಾ? ಫಿನ್‌ಲೆಂಡ್ ಮತ್ತು ಎಸ್ಟೋನಿಯಾ ವಿಷಯದಲ್ಲಿ ಹಾಗೆ ಶುರು ಮಾಡಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. 1940ರಲ್ಲಿ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ಪಾಲಾಯಿತು. ನಡುವೆ ಮೂರು ವರ್ಷ ಜರ್ಮನರ ಕೈಯಲ್ಲಿತ್ತು, ಆಮೇಲೆ 1991ರವರೆಗೆ ಮತ್ತೆ ಸೋವಿಯತ್ ಆಳ್ವಿಕೆ. ಅಷ್ಟೂ ಕಾಲ ಈ ಎರಡು ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ಆದರೂ ನಂಟು ಉಳಿಯಿತು. ಅದು ಹೇಗೆ ಉಳಿಯಿತು ಅನ್ನುವುದು ಗೊತ್ತಾದರೆ ಮಿಕ್ಕ ಇಸವಿಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಅದಕ್ಕೇ ನಾನು ಟಿವಿಯಿಂದ ಶುರು ಮಾಡುತ್ತೇನೆ.

ಮೊದಲು ನಕ್ಷೆ ನೋಡಿ. ಮೇಲೆ ಫಿನ್‌ಲೆಂಡ್ ರಾಜಧಾನಿ ಹೆಲ್ಸಿಂಕಿ, ಕೆಳಗೆ ಎಸ್ಟೋನಿಯಾ ರಾಜಧಾನಿ ಟ್ಯಾಲಿನ್, ನಡುವೆ ಫಿನ್‌ಲೆಂಡ್ ಕೊಲ್ಲಿ. ನೀರಿನ ಅಗಲ ಸುಮಾರು 80 ಕಿಲೋಮೀಟರ್. ಹಡಗು ದಾಟದಂತೆ ತಡೆಯಬಹುದು, ಟಿವಿ ಸಿಗ್ನಲ್ ತಡೆಯುವುದು ಅಷ್ಟು ಸುಲಭವಲ್ಲ. ಹೆಲ್ಸಿಂಕಿ ಕಡೆಯ ಪ್ರಸಾರ ಎಸ್ಟೋನಿಯಾದ ಉತ್ತರ ಕರಾವಳಿಗೆ ಸಿಗುತ್ತಿತ್ತು. ಆದರೆ ಬಣ್ಣದ ಚಿತ್ರ ಕಳಿಸಲು ಫಿನ್‌ಲೆಂಡ್‌ನದು ಪಾಲ್ ಎಂಬ ವ್ಯವಸ್ಥೆ, ಸೋವಿಯತ್ ಟಿವಿಯದು ಸೆಕಾಮ್ ಎಂಬ ಬೇರೆ ವ್ಯವಸ್ಥೆ. ಧ್ವನಿಯ ಫ್ರೀಕ್ವೆನ್ಸಿಯೂ ಬೇರೆ. ಹಾಗಾಗಿ ಟ್ಯಾಲಿನ್‌ನ ಮನೆಗಳಲ್ಲಿ ಟಿವಿಯ ಹಿಂಬದಿ ಬಿಚ್ಚಿ, ಒಳಗೆ ಒಂದು ಚಿಕ್ಕ ಸರ್ಕ್ಯೂಟ್ ಬೋರ್ಡ್ ಸೇರಿಸಿ, ಛಾವಣಿಯ ಆಂಟೆನಾವನ್ನು ಉತ್ತರಕ್ಕೆ ತಿರುಗಿಸಿ ಜನ ಫಿನ್‌ಲೆಂಡ್ ಚಾನೆಲ್ ನೋಡುತ್ತಿದ್ದರು. ಅಮೆರಿಕದ ಧಾರಾವಾಹಿಗಳಿಗೆ ಕೆಳಗೆ ಫಿನ್ನಿಷ್ ಅಕ್ಷರ ಬರುತ್ತಿತ್ತು. ಅದನ್ನು ಓದಿ ಓದಿಯೇ ಒಂದು ಇಡೀ ಪೀಳಿಗೆ ಆ ಭಾಷೆ ಕಲಿತುಬಿಟ್ಟಿತು.

ಇದರೊಳಗೆ ಇನ್ನೊಂದು ಸಂಗತಿ ಇದೆ. ಓದಿದಾಗಿನಿಂದ ನನ್ನ ತಲೆಯಿಂದ ಹೋಗಿಲ್ಲ. ಎರಡೂ ದೇಶಗಳ ರಾಷ್ಟ್ರಗೀತೆಗೆ ರಾಗ ಒಂದೇ. ಹ್ಯಾಂಬರ್ಗ್‌ನಲ್ಲಿ ಹುಟ್ಟಿ ಹೆಲ್ಸಿಂಕಿಯಲ್ಲಿ ನೆಲೆಸಿದ ಫ್ರೆಡ್ರಿಕ್ ಪಾಸಿಯಸ್ 1848ರಲ್ಲಿ ಮಾಡಿದ ರಾಗ ಅದು. ಅದಕ್ಕೆ ಯೋಹಾನ್ ವೋಲ್ಡೆಮಾರ್ ಯಾನ್ಸೆನ್ ಎಸ್ಟೋನಿಯನ್ ಭಾಷೆಯಲ್ಲಿ ಪದ ಕಟ್ಟಿದರು, 1869ರಲ್ಲಿ ಎಸ್ಟೋನಿಯಾದ ತಾರ್ತು ಊರಿನಲ್ಲಿ ನಡೆದ ಮೊದಲ ಹಾಡುಹಬ್ಬದಲ್ಲಿ ಅದನ್ನು ಹಾಡಿದರು. ಸೋವಿಯತ್ ಕಾಲದಲ್ಲಿ ಎಸ್ಟೋನಿಯಾದೊಳಗೆ ಆ ಹಾಡಿಗೆ ನಿಷೇಧ. ಆದರೆ ಫಿನ್‌ಲೆಂಡ್‌ನ ಸರ್ಕಾರಿ ಪ್ರಸಾರ ಸಂಸ್ಥೆ ಪ್ರತಿ ರಾತ್ರಿ ಕಾರ್ಯಕ್ರಮ ಮುಗಿಸುವಾಗ ತನ್ನ ರಾಷ್ಟ್ರಗೀತೆಯ ರಾಗ ನುಡಿಸುತ್ತಿತ್ತು, ಪದ ಇಲ್ಲದ ಬರೀ ವಾದ್ಯ. ತಮ್ಮ ನೆಲದಲ್ಲಿ ಬಾಯಿಬಿಟ್ಟು ಹಾಡಲಾಗದ ಹಾಡಿನ ರಾಗವನ್ನು ಪಕ್ಕದ ದೇಶ ದಿನಾ ರಾತ್ರಿ ಕೇಳಿಸುತ್ತಿತ್ತು. ಸಾಂಸ್ಕೃತಿಕ ಸಂಬಂಧ ಅಂತ ಪಠ್ಯದಲ್ಲಿ ಸುಮ್ನೆ ಒಂದು ಸಾಲು ಬರೆದುಬಿಡುತ್ತಾರೆ, ಅದು ಇಂಥದ್ದು.

ಭಾಷೆ ಬಗ್ಗೆ ಸ್ವಲ್ಪ. ಎರಡೂ ಒಂದೇ ಫಿನ್ನಿಕ್ ಗುಂಪಿನವು, ಪಕ್ಕದ ಸ್ವೀಡಿಷ್, ರಷ್ಯನ್ ಜೊತೆ ನಂಟಿಲ್ಲ. ತುಂಬಾ ಹತ್ತಿರ, ಆದರೆ ಮೋಸ ಮಾಡುವಷ್ಟು ಹತ್ತಿರ. ಫಿನ್ನಿಷ್‌ನಲ್ಲಿ ‘ಹಲ್ಲಿತುಸ್’ ಅಂದರೆ ಸರ್ಕಾರ, ಎಸ್ಟೋನಿಯನ್‌ನಲ್ಲಿ ಅದೇ ಪದಕ್ಕೆ ಬೂಷ್ಟು ಅಂತ ಅರ್ಥ. ನಮ್ಮ ‘ಅವಸರ’ ತೆಲುಗಿಗೆ ಹೋದರೆ ‘ಬೇಕಾದದ್ದು’ ಆಗುತ್ತದಲ್ಲ, ಹಾಗೆ.

ಈಗ ಇಸವಿಗಳಿಗೆ ಬರೋಣ. ರಷ್ಯಾದ ಚಕ್ರಾಧಿಪತ್ಯ ಕುಸಿದಾಗ ಫಿನ್‌ಲೆಂಡ್ 1917ರ ಡಿಸೆಂಬರ್ 6ರಂದು, ಎಸ್ಟೋನಿಯಾ 1918ರ ಫೆಬ್ರವರಿ 24ರಂದು ಸ್ವಾತಂತ್ರ್ಯ ಸಾರಿದವು. ಎಸ್ಟೋನಿಯಾದ ಸ್ವಾತಂತ್ರ್ಯ ಯುದ್ಧಕ್ಕೆ ಫಿನ್‌ಲೆಂಡ್‌ನಿಂದ ಮೂರು ಸಾವಿರಕ್ಕೂ ಜಾಸ್ತಿ ಸ್ವಯಂಸೇವಕರು ಹೋದರು. 1920ರಲ್ಲಿ ಎರಡೂ ದೇಶಗಳು ಸೋವಿಯತ್ ರಷ್ಯಾ ಜೊತೆ ಶಾಂತಿ ಒಪ್ಪಂದ ಮಾಡಿಕೊಂಡವು, ಎರಡೂ ತಾರ್ತುವಿನಲ್ಲೇ: ಎಸ್ಟೋನಿಯಾ ಫೆಬ್ರವರಿಯಲ್ಲಿ, ಫಿನ್‌ಲೆಂಡ್ ಅಕ್ಟೋಬರ್‌ನಲ್ಲಿ. ಇಲ್ಲಿ ಗೊಂದಲ ಮಾಡಿಕೊಳ್ಳಬೇಡಿ, ತಾರ್ತು ಒಪ್ಪಂದ ಅಂದರೆ ಯಾವುದು ಅಂತ ಮೊದಲು ನೋಡಿಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಎಸ್ಟೋನಿಯಾದ ಹುಡುಗರು ಕೊಲ್ಲಿ ದಾಟಿ ಬಂದು ಫಿನ್‌ಲೆಂಡ್ ಸೇನೆಯಲ್ಲಿ ಹೋರಾಡಿದರು. ಅವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಊರಲ್ಲಿ ಅವರನ್ನು ‘ಫಿನ್‌ಲೆಂಡ್ ಹುಡುಗರು’ ಅಂತಲೇ ಕರೆಯುತ್ತಾರೆ.

ಶೀತಲ ಸಮರದಲ್ಲಿ ಫಿನ್‌ಲೆಂಡ್‌ಗೆ ಮಾಸ್ಕೋವನ್ನು ಕೆರಳಿಸುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ, 1964ರಲ್ಲಿ, ಅಧ್ಯಕ್ಷ ಉರ್ಹೋ ಕೆಕ್ಕೊನೆನ್ ಎಸ್ಟೋನಿಯಾಗೆ ಹೋಗಿ ತಾರ್ತು ವಿಶ್ವವಿದ್ಯಾಲಯದಲ್ಲಿ ಎಸ್ಟೋನಿಯನ್ ಭಾಷೆಯಲ್ಲೇ ಮಾತನಾಡಿದರು. ಮರುವರ್ಷ ಹೆಲ್ಸಿಂಕಿ–ಟ್ಯಾಲಿನ್ ಹಡಗು ಮತ್ತೆ ಶುರುವಾಯಿತು. ಬರುವ ಪ್ರವಾಸಿಗಳಿಗೆ ಇಳಿಯಲು ಜಾಗ ಬೇಕಲ್ಲ, ಫಿನ್‌ಲೆಂಡ್‌ನ ಗುತ್ತಿಗೆದಾರರೇ ಬಂದು ಟ್ಯಾಲಿನ್‌ನಲ್ಲಿ ವಿರು ಹೋಟೆಲ್ ಕಟ್ಟಿದರು, 1972ರಲ್ಲಿ ಅದು ತೆರೆಯಿತು. ಲಿಫ್ಟ್‌ನಲ್ಲಿ 22ನೇ ಮಹಡಿವರೆಗೆ ಮಾತ್ರ ಗುಂಡಿ. ಅದರ ಮೇಲೆ 23ನೆಯದರಲ್ಲಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯವರು ಅತಿಥಿಗಳ ಮಾತು ಕದ್ದು ಕೇಳುವ ಯಂತ್ರ ಇಟ್ಟುಕೊಂಡು ಕೂತಿದ್ದರು. ಬಾಗಿಲ ಮೇಲೆ ರಷ್ಯನ್‌ನಲ್ಲಿ ‘ಇಲ್ಲಿ ಏನೂ ಇಲ್ಲ’ ಅಂತ ಬರಹ. ಈಗ ಅದು ಮ್ಯೂಸಿಯಂ.

1991 ಪರೀಕ್ಷೆಗೆ ಬರುವಂಥದ್ದು, ನಿಧಾನವಾಗಿ ಓದಿ. ಫಿನ್‌ಲೆಂಡ್ ಅಧ್ಯಕ್ಷ ಮೌನೋ ಕೊಯಿವಿಸ್ಟೋ ಬಹಿರಂಗವಾಗಿ ತುಂಬಾ ಎಚ್ಚರದಿಂದ ಮಾತನಾಡುತ್ತಿದ್ದರು, ಎಸ್ಟೋನಿಯಾದವರಿಗೆ ಅದು ನೋವಾಗಿತ್ತು ಕೂಡ. ಆದರೆ ಸಾಂಸ್ಕೃತಿಕ ಸಹಕಾರದ ಹೆಸರಿನಲ್ಲಿ ಸರ್ಕಾರದ ಹಣ ಸದ್ದಿಲ್ಲದೆ ಆಚೆ ದಡಕ್ಕೆ ಹೋಗುತ್ತಿತ್ತು. ಆಗಸ್ಟ್ 20ರಂದು ಎಸ್ಟೋನಿಯಾ ಸ್ವಾತಂತ್ರ್ಯವನ್ನು ಮತ್ತೆ ಸ್ಥಾಪಿಸಿತು. ಫಿನ್‌ಲೆಂಡ್ ಹೊಸದಾಗಿ ಮಾನ್ಯತೆ ಕೊಡಲಿಲ್ಲ. 1920ರಲ್ಲಿ ಕೊಟ್ಟದ್ದೇ ಇನ್ನೂ ಜಾರಿಯಲ್ಲಿದೆ ಎಂದು ಹೇಳಿ, ಆಗಸ್ಟ್ 29ರಂದು ರಾಜತಾಂತ್ರಿಕ ಸಂಬಂಧವನ್ನು ಮರಳಿ ಜೋಡಿಸಿತು. ಈ ವ್ಯತ್ಯಾಸ ಸಣ್ಣದಲ್ಲ. ಹೊಸ ಮಾನ್ಯತೆ ಅಂದರೆ ಹೊಸ ದೇಶ. ಹಳೆಯದು ಜಾರಿಯಲ್ಲಿದೆ ಅಂದರೆ ಆ ದೇಶ ಕಾನೂನಿನ ಕಣ್ಣಲ್ಲಿ ಅಳಿದೇ ಇರಲಿಲ್ಲ ಅಂತ.

ಆಮೇಲೆ ದುಡ್ಡಿನ ಕಥೆ ಬೇಗ ಬೇಗ ನಡೆಯಿತು. ಫಿನ್‌ಲೆಂಡ್ ಮತ್ತು ಸ್ವೀಡನ್ ಅಲ್ಲಿನ ದೊಡ್ಡ ಹೂಡಿಕೆದಾರರಾದವು. ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ, ಫಿನ್‌ಲೆಂಡ್‌ನದು 56 ಲಕ್ಷ. ಕೊರೋನಾಕ್ಕೆ ಮುಂಚೆ ಈ ಒಂದೇ ಹಡಗು ಮಾರ್ಗದಲ್ಲಿ ವರ್ಷಕ್ಕೆ 80 ಲಕ್ಷಕ್ಕೂ ಹೆಚ್ಚು ಪ್ರಯಾಣ ನಡೆಯುತ್ತಿತ್ತು, ಅಂದರೆ ಎರಡೂ ದೇಶದ ಜನರನ್ನು ಕೂಡಿಸಿದರೂ ಅದಕ್ಕಿಂತ ಕಡಿಮೆ. ಎರಡು ಗಂಟೆಯ ದಾರಿ. ಕಟ್ಟಡ ಕೆಲಸಕ್ಕೆ ಹೆಲ್ಸಿಂಕಿಗೆ ಹೋದವರು ವಾರಾಂತ್ಯಕ್ಕೆ ಮನೆಗೆ ಬರುತ್ತಾರೆ, ಫಿನ್‌ಲೆಂಡ್‌ನವರು ಟ್ಯಾಲಿನ್‌ನಿಂದ ಬಿಯರ್ ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ಕಟ್ಟಿಕೊಂಡು ಹಿಂತಿರುಗುತ್ತಾರೆ. ಎಸ್ಟೋನಿಯಾ ಮದ್ಯದ ಮೇಲಿನ ತೆರಿಗೆ ಏರಿಸಿದಾಗ ಗಿರಾಕಿಗಳು ಲಾಟ್ವಿಯಾ ಗಡಿಗೆ ಹೋದರು. 2019ರ ಜುಲೈನಲ್ಲಿ ಬಿಯರ್ ಮತ್ತು ಸ್ಪಿರಿಟ್ ಮೇಲಿನ ತೆರಿಗೆಯನ್ನು ಶೇ 25ರಷ್ಟು ಇಳಿಸಬೇಕಾಯಿತು.

ಎಸ್ಟೋನಿಯಾ ಬರೀ ಪಡೆದುಕೊಂಡದ್ದಲ್ಲ, ಕೊಟ್ಟದ್ದೂ ಇದೆ. ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳು ಒಂದಕ್ಕೊಂದು ಸುರಕ್ಷಿತವಾಗಿ ಮಾಹಿತಿ ಕೊಡುವ ಎಕ್ಸ್-ರೋಡ್ ವ್ಯವಸ್ಥೆ ಅಲ್ಲಿ 2001ರಲ್ಲಿ ಶುರುವಾಯಿತು, ಫಿನ್‌ಲೆಂಡ್ ಅದನ್ನೇ ತೆಗೆದುಕೊಂಡಿತು. 2017ರಲ್ಲಿ ಅದನ್ನು ನೋಡಿಕೊಳ್ಳಲು ಇಬ್ಬರೂ ಸೇರಿ ಟ್ಯಾಲಿನ್‌ನಲ್ಲಿ ಸಂಸ್ಥೆ ಕಟ್ಟಿದರು. 2019ರಿಂದ ಫಿನ್‌ಲೆಂಡ್ ವೈದ್ಯರು ಬರೆದ ಡಿಜಿಟಲ್ ಚೀಟಿಗೆ ಎಸ್ಟೋನಿಯಾದ ಔಷಧಿ ಅಂಗಡಿಯಲ್ಲಿ ಮಾತ್ರೆ ಸಿಗುತ್ತದೆ.

ಕೊನೆಯದಾಗಿ ಭದ್ರತೆ. ಐರೋಪ್ಯ ಒಕ್ಕೂಟಕ್ಕೆ ಫಿನ್‌ಲೆಂಡ್ ಮೊದಲು, 1995. ಎಸ್ಟೋನಿಯಾ 2004. ನೇಟೋಗೆ ಮಾತ್ರ ಎಸ್ಟೋನಿಯಾ ಮೊದಲು, 2004. ಫಿನ್‌ಲೆಂಡ್ 2023ರ ಏಪ್ರಿಲ್. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಬ್ಬರನ್ನೂ ಜೋಡಿಸುವ ಬಾಲ್ಟಿಕ್‌ಕನೆಕ್ಟರ್ ಗ್ಯಾಸ್ ಕೊಳವೆ ಹಡಗಿನ ಲಂಗರು ಎಳೆದು ಒಡೆಯಿತು. 2024ರ ಡಿಸೆಂಬರ್ 25ರಂದು ಎರಡು ದೇಶಗಳ ನಡುವಿನ 650 ಮೆಗಾವಾಟ್‌ನ ಎಸ್ಟ್‌ಲಿಂಕ್ 2 ವಿದ್ಯುತ್ ಕೇಬಲ್ ಕಡಿಯಿತು, ಅದನ್ನು ಕಡಿದದ್ದು ಇದೇ ಎಂಬ ಅನುಮಾನದಿಂದ ಫಿನ್‌ಲೆಂಡ್ ಪೊಲೀಸರು ಈಗಲ್ ಎಸ್ ಎಂಬ ತೈಲದ ಹಡಗನ್ನು ತಡೆದು ನಿಲ್ಲಿಸಿದರು. ಉಳಿದದ್ದು 350 ಮೆಗಾವಾಟ್‌ನ ಎಸ್ಟ್‌ಲಿಂಕ್ 1. ಆರೇ ವಾರದಲ್ಲಿ, 2025ರ ಫೆಬ್ರವರಿಯಲ್ಲಿ, ಎಸ್ಟೋನಿಯಾ ರಷ್ಯಾದ ವಿದ್ಯುತ್ ಜಾಲದಿಂದ ಕಳಚಿಕೊಳ್ಳುವುದು ಮೊದಲೇ ನಿಗದಿಯಾಗಿತ್ತು. ದಿನಾಂಕ ಮುಂದೆ ಹಾಕಲಿಲ್ಲ. ಎರಡನೇ ಕೇಬಲ್ ಇನ್ನೂ ರಿಪೇರಿ ಆಗದೇ ಇರುವಾಗಲೇ ಕಳಚಿಕೊಂಡರು.