ತುದಿ ಊರಿನ ರೇಡಿಯೋ: ಡೆಕ್ಕನ್ ರೇಡಿಯೋದಿಂದ ಮೊಬೈಲ್ ಆ್ಯಪ್ ತನಕ

ಹೊಸಪೇಟೆ ಆಕಾಶವಾಣಿ ಈಗ ದುಬೈದಾಗ ಕೂತವ್ರಿಗೂ ಕೇಳ್ತೈತಿ. ಪ್ರಸಾರ ಭಾರತಿಯವ್ರ ನ್ಯೂಸ್ ಆನ್ ಏರ್ ಆ್ಯಪ್ ಹಾಕ್ಕೊಂಡು, ಕರ್ನಾಟಕದ ಪಟ್ಟಿ ತೆಗೆದು, ಹೊಸಪೇಟೆ ಒತ್ತಿದ್ರ ಮುಗೀತು, ರಾಯಚೂರೂ ಅಲ್ಲೇ ಸಿಗ್ತೈತಿ. ಅದೇ ಸ್ಟೇಷನ್ನು ಕಾರಿನ್ಯಾಗ 100.5 ಅಂತ ಹಚ್ಕೊಂಡು ಕೊಪ್ಪಳ ದಾಟಿ ಕುಷ್ಟಗಿ ಕಡೆ ಹೊಂಟ್ರ ದಾರಿಯಾಗ ಹಾಡು ಸಣ್ಣಾಗ್ತಾ ಸಣ್ಣಾಗ್ತಾ ಕೊನಿಗೆ ಸೊರ್ ಅನ್ನೋ ಸದ್ದಷ್ಟೇ ಉಳೀತೈತಿ. ರೇಡಿಯೋ ಸತ್ತೋತು ಅನ್ನೋರು ಒಂದು ಕಡೆ, ಇಲ್ಲ ಡಿಜಿಟಲ್ ಆಗಿ ಮತ್ತ ಹುಟ್ಟೈತಿ ಅನ್ನೋರು ಇನ್ನೊಂದು ಕಡೆ, ಆ ಜಗಳದಾಗ ನನಗೇನು ಆಸಕ್ತಿ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಮಂದಿಗೆ ರೇಡಿಯೋ ಅಂದ್ರ ಯಾವಾಗ್ಲೂ ಬ್ಯಾರೆ ಊರಿನ ಸ್ಟೇಷನ್ನಿನ ತುದಿಯಾಗ ನಿಂತು ಕೇಳಿದ್ದು, ಮೊಬೈಲ್ ಬಂದ ಮ್ಯಾಗ ಆ ತುದಿ ಹೋತೋ ಇಲ್ಲೋ ಅನ್ನೋದಷ್ಟೇ ನನ್ನ ಪ್ರಶ್ನೆ.

ಹಿಂದಕ್ಕೆ ಹೋಗೋಣ. ಕರ್ನಾಟಕದಾಗ ರೇಡಿಯೋ ಅಂದ ಕೂಡ್ಲೇ ಎಲ್ರೂ ಹೇಳೋದು ಮೈಸೂರಿನ ಕಥಿ. 1935ರಾಗ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನ್ಯಾಗೇ 30 ವ್ಯಾಟ್‌ದ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸ್ರು ಅಲ್ಲೇ ಬಂತು, ಮುಂದೆ ಇಡೀ ದೇಶದ ರೇಡಿಯೋಕ್ಕೇ ಅದು ಹೆಸರಾತು. ಹೆಮ್ಮೆ ಪಡೋ ಮಾತೇ, ಆದ್ರ ಆಗ ನಾವು ಮೈಸೂರಿನವ್ರೇ ಆಗಿರ್ಲಿಲ್ಲ ನೋಡ್ರಿ! ರಾಯಚೂರು, ಕೊಪ್ಪಳ ನಿಜಾಮರ ಕಡೆ, ಬಳ್ಳಾರಿ ಮದ್ರಾಸಿನ ಕಡೆ. ಅದೇ 1935ರಾಗ ಹೈದರಾಬಾದಿನಾಗ ನಿಜಾಮ ಸರ್ಕಾರದ ರೇಡಿಯೋ ಶುರುವಾಗಿತ್ತು, ಡೆಕ್ಕನ್ ರೇಡಿಯೋ ಅಂತ ಅದರ ಹೆಸ್ರು. ಉರ್ದು ಜಾಸ್ತಿ, ಕನ್ನಡಕ್ಕ ಸ್ವಲ್ಪ ಜಾಗ. 1948ರ ಸೆಪ್ಟೆಂಬರ್ 17ಕ್ಕ ನಿಜಾಮರು ಶರಣಾದ ಸುದ್ದಿ ಹೊಂಟಿದ್ದೂ ಅದೇ ರೇಡಿಯೋದಿಂದ, ಖುದ್ದು ಅವ್ರೇ ಮಾತಾಡಿದ್ರು. ಈಗ ನಾವು ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕ ಬಾವುಟ ಹಾರಿಸ್ತೀವಲ್ಲ, ಆ ದಿನದ ಸುದ್ದಿ ಹಳ್ಳಿಗೆ ಮುಟ್ಟೋ ಅಷ್ಟೊತ್ತಿಗೆ ಎಷ್ಟು ಬಾಯಿ ದಾಟಿತ್ತೋ ಏನೋ, ಯಾಕಂದ್ರ ಸೆಟ್ಟು ಇದ್ದದ್ದು ಊರಿಗೊಂದು ಇದ್ರೆ ಹೆಚ್ಚು.

ಆಮ್ಯಾಲೆ 1950ರ ಜನವರಿದಾಗ ಧಾರವಾಡ ಸ್ಟೇಷನ್ ಬಂತು, 1966ರಾಗ ಕಲಬುರಗಿ. ಎರಡೂ ಮೀಡಿಯಂ ವೇವ್, ಈ ಮೀಡಿಯಂ ವೇವ್ ಸ್ವಭಾವ ಗೊತ್ತಿಲ್ದ ನಮ್ಮ ಕಡೆ ರೇಡಿಯೋ ಕಥಿ ಅರ್ಥ ಆಗಂಗಿಲ್ಲ. ಹಗಲೊತ್ತು ಈ ತರಂಗ ನೆಲ ಹಿಡ್ಕೊಂಡು ನೂರಾರು ಕಿಲೋಮೀಟರ್ ಹೋಗ್ತೈತಿ, ರಾತ್ರಿ ಆದ್ರ ಮ್ಯಾಲೆ ಆಕಾಶದಾಗಿನ ಅಯಾನುಗೋಳ ಅನ್ನೋ ವಿದ್ಯುತ್ ಕಣಗಳ ಪದರಕ್ಕ ಬಡಿದು ವಾಪಸ್ ಬಂದು ಇನ್ನೂ ದೂರ ಮುಟ್ಟತೈತಿ, ಅದಕ್ಕೇ ಕತ್ತಲಾದ ಮ್ಯಾಲ ಒಂದೇ ಜಾಗದಾಗ ಎರಡು ಮೂರು ಸ್ಟೇಷನ್ ಒಂದರ ಮ್ಯಾಲೊಂದು ಮಾತಾಡ್ತಿದ್ವು. ಧಾರವಾಡ 765 ಕಿಲೋಹರ್ಟ್ಸ್, ಕಲಬುರಗಿ 1107. ಕೊಪ್ಪಳದ ಕಡೆಯವ್ರು ಧಾರವಾಡ ಹಚ್ಚೋರು, ರಾಯಚೂರಿನವ್ರಿಗೆ ಕಲಬುರಗಿ ಸಲೀಸು, ಹೈದರಾಬಾದೂ ಬರ್ತಿತ್ತು, ಬಳ್ಳಾರಿ ಕಡೆ ಕಡಪ ಸ್ಟೇಷನ್ನಿನ ತೆಲುಗು ಹಾಡು. ನಮ್ಮ ಮಂದಿ ಮೂರು ಭಾಷೆ ಸಲೀಸಾಗಿ ಮಾತಾಡೋದ್ರಾಗ ಸಂತಿ, ಸಂಬಂಧ ಎಷ್ಟು ಕೆಲ್ಸ ಮಾಡ್ಯಾವೋ ರೇಡಿಯೋದ ಮುಳ್ಳೂ ಅಷ್ಟೇ ಮಾಡೈತಿ ಅಂತ ನನ್ನ ಲೆಕ್ಕ.

ಹಾಡಿನ ವಿಷಯದಾಗ ಆಕಾಶವಾಣಿ ಒಮ್ಮೆ ಜೋರು ಪೆಟ್ಟು ತಿಂದೈತಿ. 1952ರಾಗ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿ ಆದ್ರು, ಸಿನಿಮಾ ಹಾಡು ಅಂದ್ರ ಅವ್ರಿಗೆ ಆಗ್ತಿರ್ಲಿಲ್ಲ, ಶಾಸ್ತ್ರೀಯ ಸಂಗೀತ ಕೇಳ್ರಿ ಅಂದ್ರು. ಮಂದಿ ಸುಮ್ನ ಮುಳ್ಳು ತಿರುವಿ ಶ್ರೀಲಂಕಾದ ರೇಡಿಯೋ ಸಿಲೋನಿಗೆ ಹೋದ್ರು, ಅಮೀನ್ ಸಯಾನಿ ಅವ್ರ ಬಿನಾಕಾ ಗೀತ್‌ಮಾಲಾ ಮನಿಮಾತಾತು. ಕೊನಿಗೆ 1957ರ ಅಕ್ಟೋಬರ್‌ದಾಗ ಆಕಾಶವಾಣಿಯವ್ರೇ ಸಿನಿಮಾ ಹಾಡಿನ ವಿವಿಧ ಭಾರತಿ ಶುರು ಮಾಡ್ಬೇಕಾತು. ಕೇಳೋ ಮಂದಿ ಎಲ್ಲಿಗೆ ಹೋಗ್ತಾರೋ ರೇಡಿಯೋನೂ ಅಲ್ಲಿಗೆ ಹೋಗ್ಬೇಕು, ತಡ ಮಾಡಿದ್ರ ಬ್ಯಾರೆಯವ್ರು ಹೋಗಿ ಕುಂತಿರ್ತಾರ, ಈ ಪಾಠ ಆಗ್ಲೇ ಸಿಕ್ಕಿತ್ತು, ಇಂಟರ್ನೆಟ್ ಬಂದಾಗ ಮತ್ತ ಮರೆತ್ರು.

ಟ್ರಾನ್ಸಿಸ್ಟರ್ ಬಂದ ಮ್ಯಾಲ ರೇಡಿಯೋ ಹೊಲಕ್ಕ ಹೋತು. ಅಲ್ಲೀ ತನಕ ಕಪಾಟಿನ ಮ್ಯಾಲ ಕಸೂತಿ ಬಟ್ಟಿ ಹೊದ್ದು ಕುಂತಿದ್ದ ಡಬ್ಬಿ, ಚರ್ಮದ ಕವರ್ ಹಾಕ್ಕೊಂಡು ಹೆಗಲಿಗೆ ಬಂತು. ಅಂಚೆ ಕಚೇರಿದಾಗ ವರ್ಷ ವರ್ಷ ಲೈಸೆನ್ಸ್ ಕಟ್ಟಿ ಪುಸ್ತಕಕ್ಕ ಸ್ಟ್ಯಾಂಪ್ ಹಚ್ಚಿಸ್ಕೋಬೇಕಿತ್ತು, 80ರ ದಶಕದಾಗ ಅದು ಹೋತು. ತುಂಗಭದ್ರಾ ಎಡದಂಡಿ ನೀರು ಗಂಗಾವತಿ, ಕಾರಟಗಿ, ಸಿಂಧನೂರಿಗೆ ಬಂದು ಜೋಳದ ಹೊಲ ಭತ್ತದ ಗದ್ದಿ ಆದಾಗ ರೈತರಿಗೆ ಹೊಸ ಬೆಳಿ, ಹೊಸ ರೋಗ, ಬೆಂಕಿ ರೋಗ ಅಂದ್ರೇನು, ಕಂದು ಜಿಗಿಹುಳಕ್ಕ ಯಾವ ಔಷಧಿ ಅನ್ನೋದೆಲ್ಲ ಸಂಜಿ ರೈತರ ಕಾರ್ಯಕ್ರಮದಾಗ ಬರೋದು. ಅಂಗಡಿಯವ ಹೇಳಿದ್ದಕ್ಕಿಂತ ರೇಡಿಯೋ ಹೇಳಿದ್ದಕ್ಕ ತೂಕ ಜಾಸ್ತಿ ಇತ್ತು, ಅಂಗಡಿಯವ ಔಷಧಿ ಮಾರ್ತಿದ್ದ, ರೇಡಿಯೋ ಏನೂ ಮಾರ್ತಿರ್ಲಿಲ್ಲ.

ಜಿಲ್ಲೆ ಮಟ್ಟದ ಎಫ್‌ಎಂ ಸ್ಟೇಷನ್ ಬಂದ ಮ್ಯಾಲೇ ನಮ್ಮ ಕಡೆ ಮಂದಿ ತಮ್ಮ ದನಿ ತಾವು ಕೇಳಿದ್ದು. ಹೊಸಪೇಟೆ, ರಾಯಚೂರು ಎರಡೂ ಆ ಲೆಕ್ಕದ ಸಣ್ಣ ಸ್ಟೇಷನ್ನೇ. ಎಫ್‌ಎಂ ದನಿ ಸ್ವಚ್ಛ, ಆದ್ರ ಅದು ಸೀದಾ ಹೋಗೋ ತರಂಗ, ಟವರ್ ಕಣ್ಣಿಗೆ ಬೀಳೋವಷ್ಟು ದೂರಕ್ಕ ಹೆಚ್ಚುಕಡಿಮೆ ಮುಗೀತೈತಿ, ನಡುವೆ ಗುಡ್ಡ ಇದ್ರ ಇನ್ನೂ ಕಡಿಮಿ. ಕೋರಿಕೆ ಕಾರ್ಯಕ್ರಮಕ್ಕ ಮೊದ್ಲು ಪೋಸ್ಟ್ ಕಾರ್ಡು, ಆಮ್ಯಾಲೆ ಫೋನು. ಒಂದು ಹಾಡಿಗೆ ಹತ್ತು ಹೆಸ್ರು ಓದೋರು, ಕಂಪ್ಲಿಯಿಂದ ಇವ್ರು, ಕನಕಗಿರಿಯಿಂದ ಅವ್ರು, ಅವ್ರ ಮನಿ ಮಕ್ಕಳ ಹೆಸ್ರೂ ಸೇರ್ಸಿ. ಹಾಡಿಗಿಂತ ಆ ಪಟ್ಟಿ ಕೇಳಾಕ ಕುಂದ್ರೋ ಮಂದಿ ಇದ್ರು, ಹೆಸ್ರು ಬಂದ ದಿನ ಓಣಿ ತುಂಬ ಸುದ್ದಿ. ಮಂದಿ ಕಳ್ಸಿದ್ದು ಮಂದಿಗೇ ಕೇಳಿಸೋ ಈ ಕೆಲ್ಸ ಫೇಸ್‌ಬುಕ್‌ಗಿಂತ ಮೊದ್ಲೇ ನಡೀತಿತ್ತು.

2001ರಾಗ ಬೆಂಗಳೂರಿನಾಗ ರೇಡಿಯೋ ಸಿಟಿ ಶುರುವಾತು, ದೇಶದ ಮೊದಲ ಖಾಸಗಿ ಎಫ್‌ಎಂ ಅದು. ಎಡೆಬಿಡದೆ ಮಾತಾಡೋ ಆರ್‌ಜೆಗಳ ಕಾಲ ಅದು, ನಮ್ಮ ಕಡೆ ಅದರ ಗಾಳಿ ಬೀಸ್ಲೇ ಇಲ್ಲ ಅನ್ನಬಹುದು, ಚಾನಲ್ ಹರಾಜು ಕೂಗೋರಿಗೆ ಜಾಹೀರಾತು ಕೊಡೋ ದೊಡ್ಡ ಊರು ಬೇಕು. 2024ರ ಆಗಸ್ಟ್‌ನಾಗ ಕೇಂದ್ರ ಸಂಪುಟ 234 ಹೊಸ ಊರುಗಳಿಗೆ 730 ಚಾನಲ್ ಹರಾಜು ಹಾಕೋಕೆ ಒಪ್ಪಿತು, ಸಣ್ಣ ಊರಿಗೂ ಖಾಸಗಿ ರೇಡಿಯೋ ಬರ್ಲಿ ಅಂತ. ಬಂದ್ರೂ ಅವ್ರು ಸ್ವಂತ ಸುದ್ದಿ ಓದೋಹಾಗಿಲ್ಲ, ಆಕಾಶವಾಣಿ ಸುದ್ದಿನೇ ಇದ್ದದ್ದು ಇದ್ದಹಾಗೆ ಹಾಕ್ಬೇಕು. ಟಿವಿಗೆ, ಯೂಟ್ಯೂಬ್‌ಗೆ ಇಲ್ಲದ ಈ ನಿರ್ಬಂಧ ರೇಡಿಯೋಕ್ಕಷ್ಟೇ ಯಾಕೆ ಅಂತ ಕೇಳಿದ್ರ ಸರಿಯಾದ ಉತ್ರ ಯಾರೂ ಕೊಟ್ಟಿಲ್ಲ.

ರೇಡಿಯೋದಿಂದ ಮೊಬೈಲಿಗೆ ಅಂತ ಬರೆಯೋರು ಒಂದು ಹಂತ ಬಿಟ್ಟೇ ಬಿಡ್ತಾರ, ಮೆಮೊರಿ ಕಾರ್ಡಿನ ಕಾಲ. ಇಂಟರ್ನೆಟ್ ದುಬಾರಿ ಇದ್ದಾಗ ಬಸ್ ಸ್ಟ್ಯಾಂಡ್ ಹತ್ರ ಮೊಬೈಲ್ ಅಂಗಡಿಯಾಗ ಒಂದು ಹಳೇ ಕಂಪ್ಯೂಟರ್ ಇರೋದು, ಅದ್ರಾಗ ಫೋಲ್ಡರ್ ಮ್ಯಾಲ ಫೋಲ್ಡರ್, ರಾಜ್‌ಕುಮಾರ್, ಭಜನೆ, ಬಯಲಾಟ, ತೆಲುಗು ಹೊಸದು, ಡಿಜೆ. ಹುಡುಗ ನಿಮ್ಮ ಬೆರಳುಗುರಿನಷ್ಟು ಕಾರ್ಡ್ ತೊಗೊಂಡು ರೀಡರ್‌ಗೆ ಸಿಗಿಸಿ, ಯಾವ್ದು ಬೇಕಣ್ಣ ಅಂತ ಕೇಳಿ, ತುಂಬೋ ತನಕ ಹಾಕಿ ಕೊಡೋನು. ಆ ಕಾರ್ಡು ಟ್ರ್ಯಾಕ್ಟರಿಗೆ ಹೋತು, ನಾಟಿ ಹಚ್ಚೋ ಹೆಣ್ಮಕ್ಕಳ ಹತ್ರ ಬದುವಿನ ಮ್ಯಾಲ ಇಡೋ ಚೈನಾ ಸ್ಪೀಕರಿಗೆ ಹೋತು. ಆ ಸ್ಪೀಕರ್‌ನಾಗ ಎಫ್‌ಎಂ ಬಟನ್ನೂ ಇತ್ತು, ಒತ್ತೋರು ಕಡಿಮಿ ಆದ್ರು. ರೇಡಿಯೋದ ಹಾಡಿನ ಧಂದೆ ಹೊಡೆದಿದ್ದು ಸ್ಪಾಟಿಫೈ ಅಲ್ಲ, ನಮ್ಮ ಕಡೆಗಂತೂ ಆ ಅಂಗಡಿ ಹುಡುಗ್ರೇ.

2016ರ ಸೆಪ್ಟೆಂಬರ್‌ದಾಗ ಜಿಯೋ ಬಂತು, ಕಾರ್ಡಿನ ಧಂದೆನೂ ಮುಳುಗ್ತು. ಈಗ ಉತ್ತರ ಕರ್ನಾಟಕದ ಜಾನಪದ ಹಾಡು ಅಂದ್ರ ಸಣ್ಣ ಸ್ಟುಡಿಯೋದಾಗ ಹಾಡಿ ಯೂಟ್ಯೂಬ್‌ಗೆ ಬಿಡೋದು, ನಮ್ಮ ಭಾಷೆ, ನಮ್ಮ ಬೈಗುಳ, ನಮ್ಮ ಪ್ರೇಮದ ಗೋಳು ಎಲ್ಲ ಅದ್ರಾಗ ಐತಿ. ಅರ್ಧಕ್ಕರ್ಧ ಹಾಡು ನನಗೆ ಕೇಳಾಕಾಗಂಗಿಲ್ಲ, ಅದು ಬ್ಯಾರೆ ಮಾತು. ಆದ್ರ ಸ್ಥಳೀಯ ದನಿ ಅನ್ನೋದನ್ನ ಸಣ್ಣ ಎಫ್‌ಎಂ ಸ್ಟೇಷನ್ ಮಾಡ್ಬೇಕಾಗಿತ್ತು, ಅದನ್ನ ಈ ಹುಡುಗ್ರು ಯಾರ ಅಪ್ಪಣೆನೂ ಕೇಳ್ದ ಮಾಡಿದ್ರು.

ಆಕಾಶವಾಣಿ ಸುಮ್ನ ಕುಂತಿಲ್ಲ. ಡಿಆರ್‌ಎಂ ಅನ್ನೋ ಡಿಜಿಟಲ್ ತಂತ್ರಕ್ಕ 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ಹಾಕಿತು, ಒಂದೇ ತರಂಗದಾಗ ಒಂದಕ್ಕಿಂತ ಹೆಚ್ಚು ಚಾನಲ್, ಸೊರ್ ಸದ್ದಿಲ್ಲ, ಕರೆಂಟೂ ಕಡಿಮಿ. ಎಲ್ಲ ಛಲೋ, ಕೇಳೋ ಸೆಟ್ಟೇ ಅಂಗಡಿಯಾಗಿಲ್ಲ. ಕೆಲವು ಹೊಸ ಕಾರಿನ್ಯಾಗ ಐತಿ, ಆದ್ರ ರೈತ ಕಾರಿನ್ಯಾಗ ಕುಂತು ಕೃಷಿ ಕಾರ್ಯಕ್ರಮ ಕೇಳ್ಬೇಕೇನು? 2025ರಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಎಫ್‌ಎಂಗೂ ಡಿಜಿಟಲ್ ತರ್ರಿ ಅಂತ ಶಿಫಾರಸು ಮಾಡೈತಿ, ಬೆಂಗಳೂರು, ಹೈದರಾಬಾದು ಸೇರಿ 13 ದೊಡ್ಡ ನಗರದಿಂದ ಶುರು. ನಮ್ಮ ಪಾಳಿ ಯಾವಾಗ್ಲೂ ಹಂಗೇ, ಪಂಕ್ತಿ ಊಟದಾಗ ಕೊನೀ ಸಾಲಿನವ್ರಿಗೆ ಹೋಳಿಗಿ ಬಂದಂಗ.

ಇತ್ತ ಫೋನಿನ್ಯಾಗ ಎಫ್‌ಎಂ ಇದ್ದೂ ಇಲ್ಲದಂಗ ಆಗೈತಿ. ವೈರಿನ ಇಯರ್‌ಫೋನ್ ಸಿಗಿಸಿದ್ರ ಆ ವೈರೇ ಆಂಟೆನಾ, ಡೇಟಾ ಒಂದು ಪೈಸೆದ್ದೂ ಖರ್ಚಿಲ್ಲ. ದುಬಾರಿ ಫೋನ್‌ಗಳು ತೂತನ್ನೇ ಮುಚ್ಚಿದ್ವು, ಬ್ಲೂಟೂತ್ ಬಂತು, ಆಂಟೆನಾ ಹೋತು. 2023ರ ಏಪ್ರಿಲ್‌ದಾಗ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ ಫೋನ್ ಕಂಪನಿಗಳಿಗೆ ಪತ್ರ ಬರೆದು ಎಫ್‌ಎಂ ಇದ್ರ ಬಂದ್ ಮಾಡಬ್ಯಾಡ್ರಿ ಅಂತ ಸಲಹೆ ಕೊಟ್ಟಿತು, ಬಡವರಿಗೆ, ಆಪತ್ತಿನ ಹೊತ್ತಿಗೆ ಬೇಕಾಗ್ತೈತಿ ಅಂತ ಕಾರಣ ಹೇಳಿ. ಸಲಹೆ ಅಷ್ಟೇ.

ಆಪತ್ತು ನಮ್ಮ ಕಡೆ ಮರುವರ್ಷವೇ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಕೊಂಡು ಹೋತು. ಹೊಳಿ ದಂಡಿ ಊರಿನ ಮಂದಿ ನಿದ್ದಿಗೆಟ್ಟು ಕುಂತ್ರು, ಎಲ್ರ ಕೈಯಾಗೂ ಮೊಬೈಲು, ಡ್ಯಾಮ್ ಒಡೀತಂತೆ ಅನ್ನೋದು ಒಂದು ಗ್ರೂಪಿನಾಗ, ಏನೂ ಆಗಿಲ್ಲ ಮಲಗ್ರಿ ಅನ್ನೋದು ಇನ್ನೊಂದು ಗ್ರೂಪಿನಾಗ. ರೇಡಿಯೋ ಹಚ್ಚಿ ನೋಡೋಣ ಅಂದವ್ರು ನನ್ನ ಸುತ್ತ ಒಬ್ರೂ ಇರ್ಲಿಲ್ಲ. ಒಂದು ಟವರಿನಿಂದ ಲಕ್ಷ ಮಂದಿ ಒಟ್ಟಿಗೆ ಕೇಳಿದ್ರೂ ಎಫ್‌ಎಂ ಜಾಮ್ ಆಗಂಗಿಲ್ಲ, ಮೊಬೈಲ್ ನೆಟ್‌ವರ್ಕ್ ಆಗ್ತೈತಿ. ತಂತ್ರ ಇತ್ತು, ರೂಢಿ ಹೋಗಿತ್ತು.

ಇನ್ನು ಆ್ಯಪ್. ತಾಸಿಗೆ ಹೆಚ್ಚುಕಡಿಮೆ 30 ಎಂಬಿ ತಿಂತೈತಿ, ಈಗಿನ ಪ್ಯಾಕಿಗೆ ಅದೇನು ದೊಡ್ಡದಲ್ಲ. ನಿಜವಾದ ತಕರಾರು ಬ್ಯಾರೆ. ದೂರದ ತೊಂದ್ರಿ ಹೋತು, ಹೊತ್ತಿನ ತೊಂದ್ರಿ ಹಂಗೇ ಉಳೀತು. ಮೆಣಸಿನಕಾಯಿಗೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ ಬಿದ್ದೈತಿ, ಕೃಷಿ ವಿವಿಯವ್ರು ನಿನ್ನೆ ಸಂಜಿ ರಾಯಚೂರು ಸ್ಟೇಷನ್ನಿನಾಗ ಔಷಧಿ ಹೇಳಿದ್ರು ಅಂತ ಇಟ್ಕೊಳ್ರಿ, ಆ ಹೊತ್ತಿಗೆ ರೈತ ಹೊಲದಾಗೇ ಇದ್ದ. ಇವತ್ತು ಅದನ್ನ ಹುಡುಕಿ ಕೇಳ್ತೀನಿ ಅಂದ್ರ ಆಗಂಗಿಲ್ಲ, ಸ್ಟೇಷನ್ನಿನ ಕಾರ್ಯಕ್ರಮ ಆ್ಯಪ್‌ನಾಗ ಸಿಗೋದು ಈಗ ಓಡೋದಷ್ಟೇ, ಅದ್ರಾಗೂ ಎಷ್ಟೋ ಹೊತ್ತು ಬೆಂಗಳೂರು, ದಿಲ್ಲಿಯಿಂದ ರಿಲೇ. ಕೆಲವು ಸ್ಟೇಷನ್ನವ್ರು ಒಂದೊಂದು ಕಾರ್ಯಕ್ರಮ ಯೂಟ್ಯೂಬ್‌ಗೆ ಹಾಕ್ತಾರ, ಹೆಸ್ರು ಮಾತ್ರ ಭಾಗ ಒಂದು, ಭಾಗ ಎರಡು. ಥ್ರಿಪ್ಸ್ ಅಂತ ಬರೆದಿದ್ರ ರೈತನಿಗೆ ಸಿಗ್ತಿತ್ತು. ಅವ ಈಗ ಹುಡುಕಿದ್ರ ಮೊದ್ಲು ಬರೋದು ಔಷಧಿ ಕಂಪನಿಯ ವಿಡಿಯೋ.