ಕಣ್ಣಲ್ಲಿ ಹೂ ಬೀಳುವ ಮುನ್ನ

ಭತ್ತ ಬಡಿಯುವಾಗ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತದೆ. ಕಬ್ಬಿನ ಗರಿ ಸರ್ರನೆ ಗೀರುತ್ತದೆ. ಒಂದಿಷ್ಟು ಉಜ್ಜಿಕೊಂಡು, ನೀರು ಸೋರುವ ಕಣ್ಣಲ್ಲೇ ಕೆಲಸ ಮುಂದುವರಿಸುತ್ತಾರೆ. ಎರಡು ಮೂರು ದಿನಕ್ಕೆ ಕಣ್ಣು ಕೆಂಡದಂತಾಗುತ್ತದೆ. ಆಮೇಲೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಅದನ್ನೇ ನಮ್ಮ ಹಳ್ಳಿಗಳಲ್ಲಿ ‘ಹೂ ಬಿದ್ದಿದೆ’ ಅನ್ನುವುದು.

ಹೂ ಬೇರೆ, ಪೊರೆ ಬೇರೆ. ಪೊರೆ ಬರುವುದು ಕಣ್ಣಿನ ಒಳಗಿನ ಮಸೂರಕ್ಕೆ. ಅದನ್ನು ತೆಗೆದು ಬೇರೆ ಮಸೂರ ಕೂರಿಸಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಹೂ ಬೀಳುವುದು ಕಣ್ಣಿನ ಮುಂದಿನ ಗಾಜಿನಂಥ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ. ಅದರ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಬೆಳಕು ಹಾಯಬೇಕಲ್ಲ, ಹಾಗಾಗಿ ಅದರಲ್ಲಿ ರಕ್ತನಾಳಗಳೇ ಇಲ್ಲ. ಆಮ್ಲಜನಕವನ್ನು ಕೂಡ ಹೆಚ್ಚಾಗಿ ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಮೇಲ್ಪದರ ಗೀರಿದಾಗ ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಒಳಹೊಕ್ಕರೆ ಹುಣ್ಣಾಗುತ್ತದೆ. ಹುಣ್ಣು ಮಾಯ್ದರೂ ಕಲೆ ಉಳಿಯುತ್ತದೆ. ಆ ಕಲೆ ನಟ್ಟನಡುವೆ ಇದ್ದರೆ ಕಣ್ಣು ಹೋದಂತೆಯೇ.

ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕುವವರು ಈಗಲೂ ಇದ್ದಾರೆ. ಪ್ರೀತಿಯಿಂದ ಮಾಡುವುದೇ, ಆದರೆ ಗಾಯದೊಳಗೆ ಸೋಂಕು ಬಿಟ್ಟಂತಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಇನ್ನೂ ಅಪಾಯ. ಉರಿ, ಕೆಂಪು ಕಮ್ಮಿಯಾಗುತ್ತದೆ, ವಾಸಿಯಾಯಿತು ಅನಿಸುತ್ತದೆ. ಒಳಗೆ ಶಿಲೀಂಧ್ರ ಸೊಗಸಾಗಿ ಬೆಳೆಯುತ್ತಿರುತ್ತದೆ.

ಕಣ್ಣು ದಾನ ಸಿಕ್ಕರೆ ಹೊಸ ಕಾರ್ನಿಯಾ ಹಾಕಬಹುದು ನಿಜ. ಮೊದಲ ಯಶಸ್ವಿ ಕಸಿ ಮಾಡಿದ್ದು ಎಡ್ವರ್ಡ್ ಜಿರ್ಮ್ ಎಂಬ ಕಣ್ಣಿನ ವೈದ್ಯ, 1905ರಲ್ಲಿ. ಸುಣ್ಣ ಸಿಡಿದು ಕುರುಡಾಗಿದ್ದ ಒಬ್ಬ ಕೂಲಿಯಾಳಿಗೆ ದೃಷ್ಟಿ ಬಂತು. ನಮ್ಮ ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ಕು ಜನರಿಗೆ ಕಸಿ ಮಾಡಿದರು. ಆ ಸುದ್ದಿ ಓದಿದ ದಿನ ಎಷ್ಟು ಮನೆಗಳಲ್ಲಿ ಕಣ್ಣೊದ್ದೆಯಾಯಿತೋ! ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಆದರೆ ಕೊರತೆ ಎಷ್ಟಿತ್ತು ನೋಡಿ: ಅದಕ್ಕೂ ಮುಂಚೆ, 2016ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಲೆಕ್ಕದಲ್ಲಿ, ಬೇಕಾದ ಪ್ರತಿ 70 ಕಾರ್ನಿಯಾಗಳಿಗೆ ಸಿಗುತ್ತಿದ್ದದ್ದು ಒಂದೇ ಒಂದು. ಕಾಯುತ್ತಿದ್ದವರು 1 ಕೋಟಿ 27 ಲಕ್ಷ ಜನ. ಸಿಕ್ಕರೂ ಮುಗಿಯಲಿಲ್ಲ. ಹನಿ ಔಷಧಿ ಬಹಳ ಕಾಲ ಬೇಕು, ಮತ್ತೆ ಮತ್ತೆ ಪಟ್ಟಣಕ್ಕೆ ಅಲೆಯಬೇಕು. ದಿನಗೂಲಿಯವರಿಗೆ ಅದು ಸುಲಭವಾ?

ಅದಕ್ಕೇ ನನ್ನ ಮನಸ್ಸು ನೇಪಾಳದ ಭಕ್ತಪುರದ ಕಡೆ ಹೋಗುತ್ತದೆ. ಅಲ್ಲಿ ಊರಿನ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸುವುದನ್ನು ಕಲಿಸಿ, ಕೈಗೆ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯೋಟಿಕ್ ಮುಲಾಮು ಕೊಟ್ಟರು. ದಿನಕ್ಕೆ ಮೂರು ಸಲ, ಮೂರು ದಿನ. ಕಡಿಮೆ ಬೆಲೆಯ ಹಳೇ ಔಷಧಿ. ಹೀಗೆ ನೋಡಿಕೊಂಡ 442 ಜನರಲ್ಲಿ ನೂರಕ್ಕೆ 96 ಮಂದಿಗೆ ಸೋಂಕಿಲ್ಲದೆ ಗಾಯ ಮಾಯ್ದಿತು. 2001ರಲ್ಲಿ ಇದು ಪ್ರಕಟವಾಯಿತು. ಮುಂದೆ ನೇಪಾಳದಲ್ಲೇ ಸ್ವಯಂಸೇವಕರ ಮೂಲಕ ಇನ್ನೂ ದೊಡ್ಡದಾಗಿ, ಹೋಲಿಕೆಗೆ ಬೇರೆ ಹಳ್ಳಿಗಳನ್ನೂ ಇಟ್ಟುಕೊಂಡು ಪರೀಕ್ಷಿಸಿದಾಗ, ಹುಣ್ಣುಗಳ ಸಂಖ್ಯೆಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಮಾತನ್ನೂ ಹೇಳಲೇಬೇಕು. ಮುಲಾಮು ಊರಲ್ಲಿದ್ದರೆ ಸಾಲದು, ಗೀರಿದ ದಿನವೇ ಅದು ಕಣ್ಣಿಗೆ ತಲುಪಬೇಕು ಅಂತ ನನಗನಿಸುತ್ತದೆ.

ಯಾಕೆಂದರೆ ಭಕ್ತಪುರದ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ. ಗಾಯವಾದ 18 ಗಂಟೆಯೊಳಗೆ ಮುಲಾಮು ಶುರು ಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಸಂಜೆ 4ಕ್ಕೆ ಕಣದಲ್ಲಿ ಹೊಟ್ಟು ಬಿತ್ತು ಅಂದುಕೊಳ್ಳಿ. ಮರುದಿನ ಬೆಳಿಗ್ಗೆ 10ರ ತನಕ ಸಮಯವಿದೆ. ಬೆಳಗಿನ ಮೊದಲ ಬಸ್ಸು ಹಿಡಿದರೆ ತಾಲೂಕು ಆಸ್ಪತ್ರೆಯ ಚೀಟಿ ಕೌಂಟರ್ ತೆರೆಯುವ ಹೊತ್ತಿಗೆ ಅಲ್ಲಿರಬಹುದು.